ಗಲಾಟೆ ಆದಾಗ ಮಗೂನ ಏನ್ ಮಾಡ್ತೀಯಮ್ಮ?

ಹಲಸೂರು ಮೆಟ್ರೊದಲ್ಲಿ ಇಳಿದು ಜೋಗುಪಾಳ್ಯದ ಒಳಗಲ್ಲಿಗೆ ನುಗ್ಗುವಷ್ಟರಲ್ಲಿ ಹನ್ನೊಂದು ಗಂಟೆ. ಈ ಹೊತ್ತು ಗೊತ್ತು ಮಾಡಿದವಳು ನೀವು ಕಾಣಲು ಹೊರಟಿರುವ ತಾಯಿಯೇ, ಆಗ ಗಂಡ ಮನೆಯಲ್ಲಿರುವುದಿಲ್ಲ. ನಿಮ್ಮ ಮುಂದೆ ನಡೆಯುತ್ತಿರುವ ಅಂಗನವಾಡಿ ಟೀಚರ್ ಕೈಯಲ್ಲಿ ಸರ್ವೆ ಪುಸ್ತಕವಿದೆ. ಅದಿದ್ದರೆ ಯಾಕೆ ಬಂದಿರಿ ಅಂತ ಯಾರೂ ಕೇಳುವುದಿಲ್ಲ.

ಒಂದೇ ಕೋಣೆಯ ಮನೆ. ನಾಲ್ಕು ವರ್ಷದ ಮಗಳು ಓಡಿಬಂದು ಟೀಚರ್ ಮಡಿಲೇರುತ್ತಾಳೆ. ತಾಯಿ ಬಾತ ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡೇ ಚಾಪೆ ಹಾಸುತ್ತಾಳೆ. ನಿಮ್ಮ ನಾಲಿಗೆ ತುದಿಗೆ ಬಂದೇಬಿಡುತ್ತದೆ: ಮಗು ಇಟ್ಕೊಂಡು ಇನ್ನೂ ಇಲ್ಲೇ ಯಾಕಿದ್ದೀಯ? ದಯವಿಟ್ಟು ನುಂಗಿಕೊಳ್ಳಿ. ಆಡಿದರೆ ನಾಳೆಯಿಂದ ಈ ಬಾಗಿಲು ತೆರೆಯುವುದಿಲ್ಲ. ಮಗುವನ್ನು ಕಿತ್ತುಕೊಳ್ಳುತ್ತಾರೆಂಬ ಭಯ ಆಕೆಗೆ ಏಟಿನ ಭಯಕ್ಕಿಂತ ದೊಡ್ಡದು.

ಟೀಚರ್ ಕೇಳುವುದೇ ಬೇರೆ. "ಗಲಾಟೆ ಆದಾಗ ಮಗೂನ ಏನ್ ಮಾಡ್ತೀಯಮ್ಮ?"

ಆಕೆ ತಲೆಯೆತ್ತಿ ನೋಡುತ್ತಾಳೆ. ಇದನ್ನು ಈವರೆಗೆ ಯಾರೂ ಕೇಳಿಲ್ಲ. ಆಮೇಲೆ ಒಂದೊಂದೇ ಹೊರಗೆ ಬರುತ್ತದೆ. ಇವತ್ತು ಗಲಾಟೆ ಅಂತ ಗಂಡ ಬೈಕ್ ನಿಲ್ಲಿಸಿದ ರೀತಿಯಲ್ಲೇ ಗೊತ್ತಾಗುತ್ತಂತೆ. ತಕ್ಷಣ ಮಗಳನ್ನು ಮಹಡಿಯ ಅಜ್ಜಿ ಹತ್ತಿರ ಕರಿಬೇವು ತರಲು ಕಳಿಸುತ್ತಾಳೆ. ಕರಿಬೇವು ಅಂದರೆ ಮಗುವನ್ನು ವಾಪಸ್ ಕಳಿಸಬಾರದೆಂದು ಅಜ್ಜಿಗೆ ತಿಳಿದಿದೆ. ಈಳಿಗೆಮಣೆ ರಾತ್ರಿ ಮಂಚದಡಿ ಹೋಗುತ್ತದೆ. ಅಕ್ಕಿ ಡ್ರಮ್ಮಿಗೆ ಕೈಹಾಕಿ ಒಂದು ಪ್ಲಾಸ್ಟಿಕ್ ಕವರ್ ತೆಗೆಯುತ್ತಾಳೆ: ತಾಯಿ ಕಾರ್ಡ್, ಜನನ ಪ್ರಮಾಣಪತ್ರ, ಆಧಾರ್, ಮಗುವಿನ ಒಂದು ಜೊತೆ ಬಟ್ಟೆ.

ಟೀಚರ್ ಅದನ್ನೆಲ್ಲ ಗಮನವಿಟ್ಟು ನೋಡಿ, "ಇಷ್ಟೆಲ್ಲ ಒಬ್ಳೇ ಮಾಡಿದ್ದೀಯಲ್ಲಮ್ಮ" ಅನ್ನುತ್ತಾರೆ. ಆಕೆಯ ಕಣ್ಣು ತುಂಬುತ್ತದೆ.

ತಾಯಿ ಮಗುವನ್ನು ಹೇಗೆ ಕಾಯುತ್ತಿದ್ದಾಳೆಂದು ಮೊದಲು ಕೇಳಬೇಕೆಂಬ ಈ ಪಾಠ ನಮ್ಮೂರಿಗೆ ಬಹಳ ನೋವಿನಿಂದ ಬಂದದ್ದು. 1990ರ ದಶಕದ ಕೊನೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ವಿಮೋಚನಾ ಸಂಘಟನೆಯ ಕಾರ್ಯಕರ್ತೆಯರು ಸಾಯುತ್ತಿದ್ದ ಹೆಂಗಸರ ಪಕ್ಕ ಕೂತರು. ಸ್ಟವ್ ಸಿಡಿಯಿತು ಅಂತಷ್ಟೇ ಹೇಳಿ ಎಷ್ಟೋ ಜನ ಕಣ್ಣು ಮುಚ್ಚಿದರು. ಮಕ್ಕಳು ಅದೇ ಮನೆಯಲ್ಲಿ ಬೆಳೆಯಬೇಕಿತ್ತು. ಅವರ ಸುಳ್ಳೂ ಮಕ್ಕಳನ್ನು ಕಾಯುವ ದಾರಿಯೇ ಆಗಿತ್ತು.

ಅಕ್ಕಿ ಡ್ರಮ್ಮಿನ ಆ ಕವರಿಗೆ ಈಗ ಕಾನೂನಿನಲ್ಲೂ ಜಾಗವಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ ನಿಯಮಗಳ 5ನೇ ನಮೂನೆಯೇ ಸುರಕ್ಷತಾ ಯೋಜನೆ. ಭರ್ತಿ ಮಾಡಲು ಬೇರೆಯವರು ನೆರವಾಗಬಹುದು, ಆದರೆ ಆಕೆಯನ್ನು ಕೇಳಿಯೇ, ಆಕೆಯ ಒಪ್ಪಿಗೆಯಿಂದಲೇ.

"ಅಜ್ಜಿ ಊರಿಗೆ ಹೋಗಿದ್ರೆ?" ಟೀಚರ್ ಕೇಳುತ್ತಾರೆ. ಇಬ್ಬರೂ ಯೋಚಿಸಿ ಎದುರು ಮನೆಯನ್ನೂ ಸೇರಿಸುತ್ತಾರೆ. ತುರ್ತಿಗೆ 112, ಸಲಹೆಗೆ 181. ಟೀಚರ್ ನಂಬರನ್ನು ಗಂಡನಿಗೆ ಅನುಮಾನ ಬರದಂತೆ 'ಗ್ಯಾಸ್ ಏಜೆನ್ಸಿ' ಅಂತ ಸೇವ್ ಮಾಡಿಕೊಳ್ಳುತ್ತಾಳೆ.

"ಸಿಡಿಪಿಒ ಆಫೀಸಿಗೆ ಬಂದು ದೂರು ಕೊಟ್ರೆ ಮಗಳು ನನ್ ಹತ್ರಾನೇ ಇರ್ತಾಳಾ ಟೀಚರ್?"

ಅದೇ ಕಾಯ್ದೆಯ 21ನೇ ಕಲಂ ಪ್ರಕಾರ ಕೋರ್ಟು ಮಗುವನ್ನು ತಾತ್ಕಾಲಿಕವಾಗಿ ತಾಯಿಯ ಸುಪರ್ದಿಗೆ ಕೊಡಬಹುದು. ಮಗುವಿಗೆ ಕೆಡುಕಾಗುವಂತಿದ್ದರೆ ತಂದೆಯ ಭೇಟಿಯನ್ನೂ ಕೋರ್ಟು ನಿರಾಕರಿಸಬಹುದು. ಟೀಚರ್ ಇದನ್ನು ನಿಧಾನವಾಗಿ, ಎರಡು ಸಲ ಹೇಳುತ್ತಾರೆ. ಬರಲೇಬೇಕು ಅನ್ನುವುದಿಲ್ಲ.

"ಅವತ್ತು ಇವಳನ್ನ ಯಾರು ನೋಡ್ಕೊತಾರೆ?"

"ಅಂಗನವಾಡಿಗೆ ಕರ್ಕೊಂಡ್ ಬಾ. ನೀನು ಬರೋವರೆಗೂ ನನ್ ಜೊತೆ ಇರ್ತಾಳೆ."