ಪಟ್ಟಿಯಲ್ಲಿ ಏಳು ಹೆಸರು ಹೆಚ್ಚು

2020ರ ಎಪ್ರಿಲ್. ಲಾಕ್‌ಡೌನ್ ಆರಂಭವಾಗಿ ತಿಂಗಳಾಗುತ್ತಾ ಬಂದಿತ್ತು. ಉತ್ತರ ಕನ್ನಡ ಜಿಲ್ಲೆಯ ಮೊದಮೊದಲ ಕೊರೊನಾ ಪ್ರಕರಣಗಳು ಭಟ್ಕಳದಲ್ಲೇ ಕಂಡುಬಂದಿದ್ದರಿಂದ ನಮ್ಮ ಊರಿಗೆ ಕಟ್ಟುನಿಟ್ಟು ತುಸು ಹೆಚ್ಚೇ ಇತ್ತು. ಕಂಪ್ಯೂಟರ್ ರಿಪೇರಿ ಮತ್ತು ಟ್ಯೂಷನ್ ನಂಬಿ ಬದುಕುವ ನನ್ನಂಥವನಿಗೆ ಮನೆಯಲ್ಲಿ ಮಾಡಲು ಕೆಲಸವೇನೂ ಇರಲಿಲ್ಲ. ಬೇಸರ ಕಳೆಯಲೆಂದು ಮಾಡಬಾರದ ಕೆಲಸವೊಂದನ್ನು ಮಾಡಿದೆ. ಆ ತಿಂಗಳ 23ರಂದು ಉಬುಂಟು 20.04 ಬಿಡುಗಡೆಯಾಗಿತ್ತು. ಮೊಬೈಲಿನ ಡಾಟಾದಲ್ಲೇ ಎರಡು ದಿನ ಕಾದು ಅದನ್ನು ಇಳಿಸಿಕೊಂಡು, ಹಳೆಯದನ್ನು ಅಳಿಸಿ, ಹೊಸದನ್ನು ಹಾಕಿಕೊಂಡೆ. ಪರದೆ ಚೆನ್ನಾಗಿತ್ತು. ಬಣ್ಣವೂ ಚೆನ್ನಾಗಿತ್ತು.

ಅದೇ ವಾರ ರಮಝಾನ್ ಶುರುವಾಗಿತ್ತು. ಒಂದು ಸಂಜೆ ಇಫ್ತಾರಿಗೆ ಗಂಟೆಯೊಂದು ಬಾಕಿ ಇರುವಾಗ ನಮ್ಮ ಮೊಹಲ್ಲಾದ ಲೆಕ್ಕಪತ್ರ ನೋಡಿಕೊಳ್ಳುವ ಚಾಚಾ ಫೋನ್ ಮಾಡಿದರು. "ಬೇಟಾ, ಕಿಟ್ಟಿನ ಪಟ್ಟಿ ಇವತ್ತೇ ಬೇಕು. ನಾಳೆ ಬೆಳಿಗ್ಗೆ ಏಳರೊಳಗೆ ಹಂಚಿ ಮುಗಿಸಬೇಕಂತೆ."

ಪಟ್ಟಿ ತಯಾರಿಸುವ ಪ್ರೋಗ್ರಾಮನ್ನು ನಾನೇ 2011ರಲ್ಲಿ ಪೈಥಾನ್ ಭಾಷೆಯಲ್ಲಿ ಬರೆದಿದ್ದೆ. ಅಲ್ಲಿಯವರೆಗೆ ಹೆಸರುಗಳೆಲ್ಲ ನುಡಿಯ ಹಳೆಯ ಅಕ್ಷರ ವ್ಯವಸ್ಥೆಯಲ್ಲಿದ್ದವು. ಅವನ್ನು ಯೂನಿಕೋಡಿಗೆ ತರುವುದು, ಎರಡು ಕಡೆಯಿಂದ ಬಂದ ಹೆಸರುಗಳಲ್ಲಿ ಎರಡೆರಡು ಸಲ ಬಂದವರನ್ನು ತೆಗೆಯುವುದು, ಬೀದಿವಾರು ಪಟ್ಟಿ ಮುದ್ರಿಸುವುದು, ಇಷ್ಟೇ ಅದರ ಕೆಲಸ. ಒಂಬತ್ತು ರಮಝಾನ್ ದಾಟಿಸಿದ ಪ್ರೋಗ್ರಾಮು. ಆ ಸಂಜೆ 'ಪೈಥಾನ್' ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಅಂಥದ್ದೊಂದು ಆದೇಶವೇ ಇಲ್ಲ ಎಂದಿತು ಕಂಪ್ಯೂಟರು.

ಈ ವಿಷಯದ ಪರಿಚಯ ಇಲ್ಲದ ಓದುಗರಿಗಾಗಿ ಒಂದೆರಡು ಮಾತು. ಹೊಸ ಮನೆಗೆ ಹೋದಾಗ ಗೋಡೆಯ ಪ್ಲಗ್ ಪಾಯಿಂಟುಗಳು ಹೇಗಿವೆಯೋ ಅದಕ್ಕೆ ತಕ್ಕ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಇಟ್ಟುಕೊಳ್ಳುತ್ತೇವಲ್ಲ, ಆಪರೇಟಿಂಗ್ ಸಿಸ್ಟಮ್ ಎಂಬುದೂ ಹಾಗೆಯೇ. ಅದರೊಳಗೆ ಮೊದಲೇ ಜೋಡಿಸಿಟ್ಟ ಪ್ರೋಗ್ರಾಮಿಂಗ್ ಭಾಷೆಯ ಯಾವ ಆವೃತ್ತಿ ಇದೆಯೋ ಅದರ ಮೇಲೆಯೇ ಉಳಿದವರ ಕೆಲಸ ನಿಲ್ಲುತ್ತದೆ. ಪೈಥಾನ್‌ನ ಮೂರನೇ ಪೀಳಿಗೆ 2008ರ ಡಿಸೆಂಬರಿನಲ್ಲೇ ಬಂದಿತ್ತು. ಆದರೆ ಎರಡನೆಯದಕ್ಕೆ ಬರೆದದ್ದು ಮೂರನೆಯದರಲ್ಲಿ ಓಡುತ್ತಿರಲಿಲ್ಲ. ಹೀಗಾಗಿ ಉಬುಂಟು, ಡೆಬಿಯನ್‌ನಂಥವರು ವರ್ಷಗಟ್ಟಲೆ ಎರಡನ್ನೂ ಒಟ್ಟಿಗೆ ಕೊಡುತ್ತಾ ಬಂದರು; 'ಪೈಥಾನ್' ಎಂದರೆ ಓಗೊಡುತ್ತಿದ್ದದ್ದು ಎರಡನೆಯದೇ. ಅದಕ್ಕೆ ವಿದಾಯ ಹೇಳುವ ಗಡುವು ಮೊದಲು 2015 ಎಂದಿತ್ತು. ಜನ ತಯಾರಿಲ್ಲವೆಂದು ಕಂಡಾಗ 2020ಕ್ಕೆ ಮುಂದೂಡಿದರು. ಐದು ವರ್ಷ ಹೆಚ್ಚು ಕೊಟ್ಟರೂ ನನ್ನಂಥವರು ತಯಾರಾಗಲಿಲ್ಲ, ಅದು ಬೇರೆ ಮಾತು. 2011ರಲ್ಲಿ ನನ್ನ ಕಂಪ್ಯೂಟರು ಬಡಿಸಿಟ್ಟದ್ದು ಪೈಥಾನ್ 2. ಬಡಿಸಿದ್ದನ್ನು ಉಂಡೆ.

ಹಳೆಯದನ್ನು ಬೇರೆಯಾಗಿ ತರಿಸಿಕೊಳ್ಳುವ ದಾರಿ 20.04ರಲ್ಲೂ ಇತ್ತು. ಆದರೆ ನನ್ನ ಆ ದಿನದ ಡಾಟಾ ಮುಗಿದಿತ್ತು. ಅಂಗಡಿಗಳು ಮುಚ್ಚಿದ್ದವು. ಬೇರೆ ದಾರಿ ಕಾಣದೆ ಪ್ರೋಗ್ರಾಮನ್ನೇ ಮೂರನೇ ಪೈಥಾನ್‌ಗೆ ತಿದ್ದಲು ಕುಳಿತೆ. 'ಪ್ರಿಂಟ್' ಎಂದಲ್ಲೆಲ್ಲ ಆವರಣ ಚಿಹ್ನೆ ಹಾಕುವುದೇ ಹೆಚ್ಚಿನ ಕೆಲಸ. ಖರ್ಜೂರ ಬಾಯಿಗಿಟ್ಟು, ಮನೆಯಲ್ಲೇ ನಮಾಝ್ ಮುಗಿಸಿ, ರಾತ್ರಿ ಒಂಬತ್ತೂವರೆಗೆ ಪಟ್ಟಿ ಹೊರಬಂತು. ಹಿಂದಿನ ವರ್ಷದ ಕಡತವನ್ನೇ ಹಾಕಿ ಪರೀಕ್ಷೆ ಮಾಡಿದ್ದೆ. ಹಿಂದಿನ ವರ್ಷದ ಪಟ್ಟಿಗಿಂತ ಏಳು ಹೆಸರು ಹೆಚ್ಚು ಬಂದಿದ್ದವು.

ಮೊದಲಿಗೆ ಹೊಸ ಪೈಥಾನ್ ತಪ್ಪು ಮಾಡುತ್ತಿದೆ ಎಂದುಕೊಂಡೆ. ಏಳೂ ಹೆಸರುಗಳನ್ನು ಒಂದೊಂದಾಗಿ ನೋಡಿದೆ. ನಾಲ್ಕು ಫಾತಿಮಾ.

ಎರಡು ಸಲ ಬಂದವರನ್ನು ಗುರುತಿಸಲು ನಾನು ಸುಲಭದ ಉಪಾಯವೊಂದನ್ನು ಮಾಡಿಕೊಂಡಿದ್ದೆ. ಬೀದಿ ಒಂದೇ ಆಗಿದ್ದು, ಹೆಸರಿನ ಮೊದಲ ಹತ್ತು ಅಕ್ಷರಗಳೂ ಒಂದೇ ಆಗಿದ್ದರೆ ಅವರಿಬ್ಬರೂ ಒಬ್ಬರೇ. ಅದನ್ನು ಪರೀಕ್ಷಿಸಿದ್ದು ಇಂಗ್ಲಿಷಿನಲ್ಲಿ ಬರೆದ ಹೆಸರುಗಳಿಂದ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದೇ ಬೈಟ್ ಸಾಕು. ಕನ್ನಡದ ಪ್ರತಿ ಅಕ್ಷರಕ್ಕೂ, ಪ್ರತಿ ಗುಣಿತ ಚಿಹ್ನೆಗೂ ಮೂರು ಬೈಟ್ ಬೇಕು. ಪೈಥಾನ್ 2 ಹೀಗೆ ಓದಿದ ಬರಹವನ್ನು ಬರಿಯ ಬೈಟುಗಳ ಸಾಲು ಎಂದೇ ಎಣಿಸುತ್ತಿತ್ತು. ಅದಕ್ಕೆ 'ಭಟ್ಕಳ' ಎಂದರೆ ಹದಿನೈದು. ಪೈಥಾನ್ 3 ಅಕ್ಷರ ಮತ್ತು ಚಿಹ್ನೆಗಳನ್ನು ಎಣಿಸುತ್ತದೆ. ಅದರ ಲೆಕ್ಕದಲ್ಲಿ ಭಟ್ಕಳ ಐದು. ಅಂದರೆ ನಾನು ಹತ್ತು ಅಕ್ಷರ ಹೋಲಿಸುತ್ತಿದ್ದೇನೆ ಎಂದುಕೊಂಡ ಒಂಬತ್ತು ವರ್ಷವೂ ಆ ಪ್ರೋಗ್ರಾಮು 'ಫಾತ' ಎಂಬಲ್ಲಿಗೆ ಒಂಬತ್ತು ಬೈಟ್ ಮುಗಿಸಿ, ಹತ್ತನೆಯದಾಗಿ ಗುಡಿಸಿನ ಮೂರನೇ ಒಂದು ಪಾಲನ್ನು ಕತ್ತರಿಸಿಕೊಂಡು ತೃಪ್ತವಾಗುತ್ತಿತ್ತು. ಒಂದು ಬೀದಿಯಲ್ಲಿ ಎಷ್ಟು ಫಾತಿಮಾಗಳಿದ್ದರೂ ಅದರ ಕಣ್ಣಿಗೆ ಒಬ್ಬಳೇ ಫಾತಿಮಾ. ನಮ್ಮ ಊರಿನ ಒಂದು ಬೀದಿಯಲ್ಲಿ ಎಷ್ಟು ಫಾತಿಮಾಗಳಿರಬಹುದು ಎಂದು ನಾನು ಹೇಳಬೇಕಾಗಿಲ್ಲ.

ಚಾಚಾಗೆ ಫೋನ್ ಮಾಡಿ ಹೆಸರುಗಳನ್ನು ಓದಿದೆ. ಅವರು ಕೋಪಿಸಿಕೊಳ್ಳಲಿಲ್ಲ. "ಈ ಆರು ಮಂದಿ ನಿನ್ನ ಪಟ್ಟಿಯಲ್ಲಿ ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಪ್ರತಿ ವರ್ಷ ಪುಸ್ತಕದಲ್ಲಿ ಕೈಯಿಂದ ಬರೆದು ಕೊಡುತ್ತಾ ಇದ್ದೆ. ನಿನಗೆ ಹೇಳಿದರೆ ಬೇಜಾರಾಗುತ್ತದೆ ಅಂತ ಹೇಳಲಿಲ್ಲ" ಎಂದರು. ಏಳನೆಯವರು ಹೊನ್ನಾವರದಿಂದ ಬಂದು ಬಾಡಿಗೆ ಮನೆಯಲ್ಲಿದ್ದ ವಿಧವೆ. ಅವರ ಪರಿಚಯ ಚಾಚಾಗೆ ಇರಲಿಲ್ಲ. ಅವರ ಹೆಸರು ಎರಡು ವರ್ಷದಿಂದ ಕಡತದಲ್ಲಿತ್ತು, ಮುದ್ರಿತ ಪಟ್ಟಿಯಲ್ಲಿ ಇರಲಿಲ್ಲ. ಅವರು ಯಾರನ್ನೂ ಕೇಳಲು ಬಂದಿರಲಿಲ್ಲ. ಕೊಡುವವರಿಗೆ ಮನಸ್ಸಿತ್ತು, ಸಾಮಾನೂ ಇತ್ತು. ನಡುವೆ ನಿಂತವನು ನಾನು. ಮರುದಿನ ಅವರ ಮನೆಗೆ ಕಿಟ್ ಹೋಯಿತು. ಹಿಂದಿನ ಎರಡು ವರ್ಷದ್ದನ್ನು ನನ್ನ ಕೈಯಿಂದ ಸೇರಿಸಿದೆ. ಹತ್ತು ಅಕ್ಷರದ ಉಪಾಯವನ್ನು ಕಿತ್ತುಹಾಕಿ ರೇಷನ್ ಕಾರ್ಡ್ ಸಂಖ್ಯೆಯಿಂದ ಗುರುತಿಸುವಂತೆ ಮಾಡಿದೆ.

ಇದಾದ ಮೇಲೆ ಯಾವ ಆವೃತ್ತಿ ಎಂಬ ಪ್ರಶ್ನೆ ನನಗೆ ಹಗುರವಾಗಿ ಉಳಿಯಲಿಲ್ಲ. 2023ರ ಮಳೆಗಾಲದಲ್ಲಿ ಆ ಪ್ರಶ್ನೆ ಮತ್ತೆ ಎದುರಾಯಿತು. ಭಟ್ಕಳದಲ್ಲಿ ನನ್ನದೇ ಟ್ಯೂಷನ್ನಿನ ಎಂಟು ಕಂಪ್ಯೂಟರು, ಹೊನ್ನಾವರದ ಒಂದು ಶಾಲೆಯ ಹನ್ನೆರಡು, ಕುಮಟಾದ ಒಂದು ಸಣ್ಣ ತರಬೇತಿ ಕೇಂದ್ರದ ಆರು, ಇವೆಲ್ಲಕ್ಕೂ ಒಂದೇ ವ್ಯವಸ್ಥೆ ಹಾಕುವುದೆಂದು ನಿರ್ಧರಿಸಿದ್ದೆ. ಒಂದೇ ಇರಬೇಕೆಂಬುದಕ್ಕೆ ಕಾರಣ, ಮೂರೂ ಕಡೆ ದುರಸ್ತಿಗೆ ಓಡುವವನು ಒಬ್ಬನೇ. ಬಸ್ಸಿನಲ್ಲಿ ಮುರ್ಡೇಶ್ವರ, ಮಂಕಿ ದಾಟಿ ಶರಾವತಿ ಸೇತುವೆಯ ಮೇಲೆ ಹೋಗುವಾಗ ಯಾವ ಊರಿನಲ್ಲಿ ಯಾವುದು ಇದೆ ಎಂದು ನೆನಪಿಸಿಕೊಳ್ಳುವ ಗೋಜು ಬೇಡ ಎನಿಸಿತ್ತು.

ಹೊನ್ನಾವರದ ಹುಡುಗರಿಗೆ ಎಲ್ಲಕ್ಕಿಂತ ಹೊಸದು ಬೇಕು. ಅವರ ಪ್ರಕಾರ ಮೊನ್ನೆ ಬಂದದ್ದೇ ಹಳೆಯದು. ಕುಮಟಾದ ಅಕ್ಕೋರಿಗೆ ಹಳೆಯದೇ ಬೇಕು. "ಭಾಯ್, ನನ್ನ ನೋಟ್ಸು ನಲವತ್ತು ಪುಟ ಇದೆ. ಅದರಲ್ಲಿ ಪ್ರಿಂಟಿಗೆ ಆವರಣವೇ ಇಲ್ಲ. ಮಕ್ಕಳು ನನ್ನ ನೋಟ್ಸು ನೋಡಿ ಟೈಪ್ ಮಾಡಿದರೆ ತಪ್ಪು ಬರುತ್ತದೆ. ಆಗ ತಪ್ಪು ಯಾರದು?" ಅವರ ಮಾತಿನಲ್ಲಿ ತೂಕವಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳ ಕಡೆ ನೋಡಿದರೆ ಇದು ಅರ್ಥವಾಗುತ್ತದೆ. ಕೇರಳ ಸರ್ಕಾರದ ಕೈಟ್ ಸಂಸ್ಥೆ ಉಬುಂಟುವನ್ನು ಆಧರಿಸಿ ಶಾಲೆಗಳಿಗೆಂದೇ ಒಂದು ವ್ಯವಸ್ಥೆಯನ್ನು ಸಿದ್ಧಪಡಿಸಿ ಕೊಡುತ್ತದೆ. ಅಲ್ಲಿ ಪುಸ್ತಕದಲ್ಲಿ ಅಚ್ಚಾದ ಸಾಲು ಮತ್ತು ಯಂತ್ರದಲ್ಲಿರುವ ಆವೃತ್ತಿ ಹೊಂದದಿದ್ದರೆ ರಾಜ್ಯದ ಮಕ್ಕಳೆಲ್ಲ ಒಂದೇ ದಿನ ಎಡವುತ್ತಾರೆ. ನಮ್ಮಲ್ಲಿ ಎಡವುವುದು ಆರು ಕಂಪ್ಯೂಟರು ಮಾತ್ರ. ಎಡವಿದ ಮಗುವಿಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ದೊಡ್ಡವರ ಮಟ್ಟದಲ್ಲೂ ಇದೇ ಜಗಳ ನಡೆದಿತ್ತು. ಪೈಥಾನ್ 3.11 ಬಂದದ್ದು 2022ರ ಅಕ್ಟೋಬರ್ 24ರಂದು. ಡೆಬಿಯನ್ 12ರ ಬಾಗಿಲು 2023ರ ಜನವರಿಯಿಂದಲೇ ಹಂತಹಂತವಾಗಿ ಮುಚ್ಚುವುದಿತ್ತು. 3.10 ಪಳಗಿದ್ದು, 3.11 ಸರಾಸರಿ ಶೇಕಡಾ 25ರಷ್ಟು ಹೆಚ್ಚು ವೇಗದ್ದು, ಅದನ್ನು ತಯಾರಿಸಿದವರ ಆಸರೆ ಒಂದು ವರ್ಷ ಹೆಚ್ಚು ಕಾಲ ಸಿಗುವಂಥದ್ದು. ಆದರೆ ಪೈಥಾನ್ ಮೇಲೆ ನಿಂತ ಸಾವಿರಾರು ಪೊಟ್ಟಣಗಳಿವೆ. ಹೊಸದರಲ್ಲಿ ಓಡದವನ್ನು ಅಷ್ಟರೊಳಗೆ ಯಾರಾದರೂ ಸರಿಪಡಿಸಬೇಕು, ಇಲ್ಲವೇ ಬಿಡುಗಡೆಯಿಂದ ಹೊರಗಿಡಬೇಕು. ಇವರೆಲ್ಲ ಹೆಚ್ಚಿನಂಶ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು. ಕೊನೆಗೆ 3.11 ಎಂದೇ ಆಯಿತು. 2023ರ ಜೂನ್ 10ರಂದು 'ಬುಕ್‌ವರ್ಮ್' ಎಂಬ ಹೆಸರಿನಲ್ಲಿ ಡೆಬಿಯನ್ 12 ಹೊರಬಂತು.

ನಾನು ಅದನ್ನೇ ಆರಿಸಿಕೊಂಡೆ. ವೇಗಕ್ಕಾಗಿ ಅಲ್ಲ. ಕುಮಟಾದ ಆರರಲ್ಲಿ ಎರಡು ಕಂಪ್ಯೂಟರು 32 ಬಿಟ್‌ನವು. ಉಬುಂಟು ಅಂಥವನ್ನು ಕೈಬಿಟ್ಟು ವರ್ಷಗಳಾಗಿತ್ತು, ಡೆಬಿಯನ್ 12 ಇನ್ನೂ ಬಿಟ್ಟಿರಲಿಲ್ಲ. ದೀರ್ಘಾವಧಿಯ ಆಸರೆ 2028ರ ಜೂನ್ ತನಕ. ಅಕ್ಕೋರ ನಲವತ್ತು ಪುಟಗಳನ್ನು ಎರಡು ಭಾನುವಾರ ಕುಳಿತು ನಾನೇ ತಿದ್ದಿಕೊಟ್ಟೆ. ಚಹಾ, ಅವಲಕ್ಕಿ ಅವರದು. ಮಳೆಗೆ ಕರೆಂಟು ಹೋಗುತ್ತಾ ಬರುತ್ತಾ ಇದ್ದುದರಿಂದ ಮುಕ್ಕಾಲು ಪಾಲು ಕೆಲಸ ಪೆನ್ನಿನಲ್ಲೇ ಆಯಿತು.

ಹೊನ್ನಾವರದ ಹುಡುಗರನ್ನು ಒಪ್ಪಿಸುವುದು ಕಷ್ಟವಾಯಿತು. ಅದರ ಮೇಲೆ ಡೆಬಿಯನ್ 12 ಹೊಸ ನಿಯಮವೊಂದನ್ನು ತಂದಿತ್ತು. ಸಿಸ್ಟಮ್ಮಿನ ಪೈಥಾನ್‌ಗೆ ಹೊರಗಿನಿಂದ ನೇರವಾಗಿ ಏನಾದರೂ ಸೇರಿಸಹೊರಟರೆ ಅದು ನಿರಾಕರಿಸುತ್ತದೆ. ಬೇಕಾದರೆ ನಿಮಗೆ ಬೇರೆ ಜಾಗ ಮಾಡಿಕೊಂಡು ಅಲ್ಲಿ ಹಾಕಿಕೊಳ್ಳಿ ಎನ್ನುತ್ತದೆ. "ಸರ್, ಇದು ನಮ್ಮನ್ನು ನಂಬುವುದಿಲ್ಲ" ಎಂದ ಒಬ್ಬ. ಜಮಾಅತಿನಿಂದ ಮದುವೆಗೆ ತರುವ ದೊಡ್ಡ ಪಾತ್ರೆಗಳ ಉದಾಹರಣೆ ಕೊಟ್ಟೆ. ಬಿರಿಯಾನಿ ಎಷ್ಟು ಬೇಕಾದರೂ ಮಾಡು, ಪಾತ್ರೆಗೆ ತೂತು ಕೊರೆದು ನಿನ್ನ ನಲ್ಲಿ ಕೂರಿಸಬೇಡ. ನಾಳೆ ಅದು ಇನ್ನೊಬ್ಬರ ಮನೆಗೆ ಹೋಗಬೇಕು. ಅವನು ನಕ್ಕ. ಆದರೂ ಮರುವಾರ ಹೋಗಿ ನೋಡಿದರೆ ಎರಡು ಕಂಪ್ಯೂಟರಿನಲ್ಲಿ ಆ ತಡೆಯನ್ನು ಬಲವಂತವಾಗಿ ಮುರಿದಿದ್ದರು. ಒಂದು ಸರಿಯಾಗಿ ಏಳುತ್ತಲೇ ಇರಲಿಲ್ಲ.

2025ರ ಆಗಸ್ಟಿನಲ್ಲಿ ಡೆಬಿಯನ್ 13 ಬಂತು. ಅದರಲ್ಲಿ ಪೈಥಾನ್ 3.13 ಇದೆ, 32 ಬಿಟ್‌ನ ಹಳೆಯ ಯಂತ್ರಗಳಿಗೆ ಅನುಸ್ಥಾಪನೆಯ ದಾರಿ ಇಲ್ಲ. ಹೊನ್ನಾವರದಿಂದ ಫೋನು ಬಂತು, ಕುಮಟಾದಿಂದಲೂ ಬಂತು. ಸದ್ಯಕ್ಕೆ ಬೇಡ ಎಂದಿದ್ದೇನೆ. ಚಾಚಾ ಈಗಲೂ ಕೈಬರಹದ ಪುಸ್ತಕ ಬಿಟ್ಟಿಲ್ಲ. ಪಟ್ಟಿ ಕೊಟ್ಟ ಮೇಲೆ ಕನ್ನಡಕ ಏರಿಸಿ, ಪುಸ್ತಕ ತೆರೆದು, ಬೆರಳಿಟ್ಟು ತಾಳೆ ನೋಡುತ್ತಾರೆ. ಮೊದಲು ನನಗೆ ಅದರಿಂದ ಮುಜುಗರವಾಗುತ್ತಿತ್ತು. ಈಗ ನಾನೂ ಪಕ್ಕದಲ್ಲಿ ಕುಳಿತು ಹೆಸರು ಓದುತ್ತೇನೆ.

ಕುಮಟಾದಲ್ಲಿ ಕಳೆದ ತಿಂಗಳು ಬೈಟಿನ ಈ ಕಥೆಯನ್ನು ಮಕ್ಕಳಿಗೆ ಹೇಳಿ, ಪೈಥಾನ್ 3 ಬಂದ ಮೇಲೆ ಆ ತೊಂದರೆ ಹೋಯಿತು ಎಂದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ತನ್ನ ಊರಿನ ಹೆಸರು ಟೈಪ್ ಮಾಡಿ ಉದ್ದ ಕೇಳಿದಳು. ಐದು ಎಂದಿತು. ಅವಳು ಬೆರಳು ಮಡಚಿ ಎಣಿಸಿದಳು. "ಕು, ಮ, ಟಾ. ಮೂರಲ್ವಾ ಸರ್?"