ಓಬವ್ವನ ಕಿಂಡಿ ಮುಂದೆ ನಮ್ಮವ್ವ

ಸ್ವಲ್ಪ ಉದ್ದದ ಪೋಸ್ಟ್ ಇದು, ಬಿಡುವಿದ್ದಾಗ ಓದಿ.

ಮೊನ್ನೆ ಭಾನುವಾರ ಮನೆಮಂದಿಯೆಲ್ಲ ದುರ್ಗದ ಕೋಟೆಗೆ ಹೋಗಿದ್ವಿ. ನಾನು, ನಮ್ಮನೆಯವರು, ಐದನೇ ಕ್ಲಾಸಿನ ಮಗಳು, ಮತ್ತೆ ನಮ್ಮವ್ವ. ದಾವಣಗೆರೆಯಿಂದ ಕೆಂಪು ಬಸ್ಸು. ಮೂರು ಜನ ಹೆಣ್ಮಕ್ಕಳಿಗೆ ಶಕ್ತಿ ಟಿಕೆಟ್ಟು, ದುಡ್ಡು ಕೊಟ್ಟಿದ್ದು ನಮ್ಮನೆಯವರೊಬ್ಬರೇ. ದಾರಿಯುದ್ದಕ್ಕೂ ಅದನ್ನೇ ಹೇಳಿಕೊಂಡು ಅವ್ವ ಅಳಿಯನನ್ನ ರೇಗಿಸ್ತಿದ್ದಳು.

ಅವ್ವ ಹುಟ್ಟಿ ಬೆಳೆದಿದ್ದು ಇದೇ ಸೀಮೆಯಲ್ಲಿ. ದುರ್ಗಕ್ಕೆ ಆಸ್ಪತ್ರೆಗೆ ಅಂತ ಬಂದಿದ್ದಾಳೆ, ಸಂಘದ ಮೆರವಣಿಗೆಗೆ ಬಂದು ಘೋಷಣೆ ಕೂಗಿದ್ದಾಳೆ. ಕೋಟೆ ನೋಡಿದ್ದು ಮಾತ್ರ ಇದೇ ಮೊದಲು. ಕೂಲಿ ಬಿಟ್ಟು ಕಲ್ಲು ನೋಡೋಕೆ ಹೋಗೋದು ನಮ್ಮ ಮನೆಗಳಲ್ಲಿ ಇತ್ತೀಚೆಗೆ ಶುರುವಾದ ಅಭ್ಯಾಸ. ಅವಳ ಮಟ್ಟಿಗೆ ಓಬವ್ವ ಅಂದ್ರೆ ಜಯಂತಿ. 1972ರಲ್ಲಿ ಬಂದ ಪುಟ್ಟಣ್ಣ ಕಣಗಾಲರ 'ನಾಗರಹಾವು' ಸಿನಿಮಾನ ಯಾವಾಗಲೋ ಟೆಂಟಿನಲ್ಲಿ ನೆಲಕ್ಕೆ ಕೂತು ನೋಡಿದ್ದಳು.

ಬಾಗಿಲಲ್ಲೇ ಗೈಡ್ ಒಬ್ಬ ಸಿಕ್ಕ. ಒಳ್ಳೆ ಹುಡುಗ, ಮಾತು ಅರಳು ಹುರಿದಂಗೆ. ವಿಜಯನಗರದ ಅಧೀನದಲ್ಲಿದ್ದ ನಾಯಕರು, ಆಮೇಲೆ ಸ್ವತಂತ್ರರಾದದ್ದು, 1779ರಲ್ಲಿ ಹೈದರಾಲಿ ಕೋಟೆ ಗೆದ್ದು ಮದಕರಿ ನಾಯಕರನ್ನ ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದದ್ದು, ಎಲ್ಲ ಒಂದೇ ಉಸಿರಿಗೆ ಒಪ್ಪಿಸಿದ. ಬಾಗಿಲುಗಳು ನೇರ ಇಲ್ಲದೆ ಸೊಟ್ಟ ತಿರುಗೋದು ಯಾಕೆ ಅಂತ ಮಗಳನ್ನ ಕೇಳಿ, ಆನೆ ಓಡಿ ಬಂದು ಗುದ್ದಬಾರದು ಅಂತ ತಾನೇ ಉತ್ತರ ಕೊಟ್ಟ. ಅವಳಿಗೆ ಖುಷಿಯೋ ಖುಷಿ.

ನಮ್ಮನೆಯವರ ಕಣ್ಣು ಬೇರೆ ಕಡೆ ಇತ್ತು. ಅಲ್ಲಿನ ಬಂಡೆಗಳ ಮೇಲೆ ಸಾಲಾಗಿ ಸಣ್ಣ ಸಣ್ಣ ಕುಳಿಗಳಿವೆ, ಹೋದವರೆಲ್ಲ ನೋಡಿರ್ತೀರ. ಸಾಲಾಗಿ ಕುಳಿ ತೋಡಿ, ಬೆಣೆ ಹೊಡೆದು, ಬಂಡೆ ಸೀಳಿದ ಗುರುತು. ಮದುವೆಗೆ ಮುಂಚೆ ಇವರು ಮೂರು ವರ್ಷ ಕ್ವಾರಿಯಲ್ಲಿ ದುಡಿದವರು. ಒಂದು ಕುಳಿಯೊಳಗೆ ಬೆರಳಿಟ್ಟು, "ಇದು ಸೀಳಿಲ್ಲ ನೋಡು. ಇಷ್ಟೂ ತೋಡಿ ಬಿಟ್ಟೋಗಿದಾರೆ" ಅಂದ್ರು. ಗೈಡು ಅಷ್ಟೊತ್ತಿಗೆ ಮುಂದಿನ ಬುರುಜು ತೋರಿಸ್ತಿದ್ದ. ಯಾವ ನಾಯಕ ಯಾವ ಬಾಗಿಲು ಕಟ್ಟಿಸಿದ ಅನ್ನೋದಕ್ಕೆ ಅವನ ಹತ್ರ ಹೆಸರಿತ್ತು. ಕುಳಿ ತೋಡಿದವರ ಹೆಸರನ್ನ ಯಾರೂ ಕೇಳಲ್ಲ, ಹಾಗಾಗಿ ಅವನೂ ಕಲಿತಿಲ್ಲ.

ಕೋಟೆಯ ನೀರಿನ ವ್ಯವಸ್ಥೆ ನಿಜಕ್ಕೂ ದೊಡ್ಡ ಜಾಣತನ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ... ಮೇಲಿನದು ತುಂಬಿದ ಮೇಲೆ ಕೆಳಗಿನದಕ್ಕೆ ಹರಿಯೋ ಹಾಗೆ ಜೋಡಿಸಿದ್ದಾರೆ. ಮಳೆ ಕಡಿಮೆ ಬೀಳೋ ಊರಲ್ಲಿ ಗುಡ್ಡದ ಮೇಲೆ ಅಷ್ಟು ಜನಕ್ಕೆ ನೀರು ನಿಲ್ಲಿಸಿದ್ದಾರೆ. ಅವ್ವ ಅಲ್ಲಿ ಸುಮ್ಮನೆ ನಿಂತು ನೋಡಿದಳು, ಏನೂ ಹೇಳಲಿಲ್ಲ.

ಆಮೇಲೆ ಕಿಂಡಿಗೆ ಬಂದ್ವಿ.

ಕಥೆ ನಿಮಗೆಲ್ಲ ಗೊತ್ತಿರೋದೇ. ಕಹಳೆ ಊದುವ ಕಾವಲುಗಾರ ಮುದ್ದಹನುಮ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದ. ಹೆಂಡತಿ ಓಬವ್ವ ಅವನಿಗೆ ಉಣ್ಣೋಕಿಟ್ಟು ನೀರು ತರೋಕೆ ಹೋದಳು. ಕಿಂಡಿಯಿಂದ ಹೈದರನ ಸೈನಿಕರು ಒಬ್ಬೊಬ್ಬರೇ ನುಸುಳೋದು ಕಂಡಳು. ಗಂಡನನ್ನ ಎಬ್ಬಿಸದೆ ಒನಕೆ ತಂದು, ತಲೆ ಹೊರಗೆ ಹಾಕಿದವರನ್ನೆಲ್ಲ ಬಡಿದಳು. ಗೈಡು ಇದನ್ನ ಕೈಕಾಲು ಆಡಿಸಿ ಚೆನ್ನಾಗಿ ಹೇಳಿದ.

ಅವ್ವ ಕೇಳಿದಳು: "ಅಲ್ಲಪ್ಪಾ, ನೀರು ತರಾಕೆ ಹೋದ್ಲು ಅಂದ್ಯಲ್ಲ, ಓಬವ್ವುನ್ನ ಹೊಂಡಕ್ಕೆ ಇಳಿಯಾಕೆ ಬಿಡ್ತಿದ್ರಾ?"

ಹುಡುಗನಿಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. ಓಬವ್ವ ಛಲವಾದಿ, ನಮ್ಮೋರು, ಅದಕ್ಕೆ ಕೇಳ್ತಿದಾರೆ ಅಂತ ನಾನು ಬಿಡಿಸಿ ಹೇಳಿದೆ. ಆಗ ಅವನು ನಕ್ಕು, "ಅಯ್ಯೋ ಅಜ್ಜಿ, ಆವಾಗೆಲ್ಲ ಜಾತಿಗೀತಿ ಇರ್ಲಿಲ್ಲ, ಎಲ್ರೂ ರಾಜರ ಪ್ರಜೆಗಳೇ" ಅಂದ.

"ಹೌದಾ? ಪುಣ್ಯವಂತರು ಬಿಡು" ಅಂದಳು ಅವ್ವ.

ನಮ್ಮವ್ವ ಊರ ಬಾವಿ ಹತ್ರ ಖಾಲಿ ಕೊಡ ಇಟ್ಟು, ದೂರ ನಿಂತು, ಯಾರಾದರೂ ಮೇಲಿಂದ ನೀರು ಸುರಿಯಲಿ ಅಂತ ಹೊತ್ತುಗಟ್ಟಲೆ ಕಾದವಳು. ಬಾಬಾಸಾಹೇಬರು ಮಹಾಡದ ಚೌಡಾರ್ ಕೆರೆಯ ನೀರು ಮುಟ್ಟಿದ್ದು 1927ರ ಮಾರ್ಚ್ 20ರಂದು, ಮದಕರಿಯ ಕೋಟೆ ಬಿದ್ದು ಹೆಚ್ಚುಕಮ್ಮಿ ನೂರೈವತ್ತು ವರ್ಷ ಆದ ಮೇಲೆ. ಮೊದಲು ಇರಲೇ ಇಲ್ಲದ ಜಾತಿ ನಡುವೆ ಎಲ್ಲಿಂದ ಉದುರಿ ಬಂತು ಅಂತ ಆ ಹುಡುಗನನ್ನ ಕೇಳಬಹುದಿತ್ತು. ಆದರೆ ಅವನು ಅವನಿಗೆ ಹೇಳಿಕೊಟ್ಟಿದ್ದನ್ನ ಹೇಳ್ತಿದ್ದ, ಅಷ್ಟೇ. 'ಆವಾಗ ಇರ್ಲಿಲ್ಲ, ಈವಾಗಲೂ ಇಲ್ಲ' ಅನ್ನೋ ಮಾತನ್ನ ಅವನಿಗಿಂತ ಹೆಚ್ಚು ಓದಿದವರ ಬಾಯಲ್ಲೇ ಜಾಸ್ತಿ ಕೇಳಿದ್ದೀನಿ.

ಅವನು ಮುಂದುವರಿಸಿದ. ಓಬವ್ವ ಮಹಾ ಪತಿವ್ರತೆ, ಊಟಕ್ಕೆ ಕೂತ ಪತಿದೇವರನ್ನ ಎಬ್ಬಿಸಬಾರದು ಅಂತ ಒಬ್ಬಳೇ ಹೋರಾಡಿದಳು ಅಂದ. ವೇದಿಕೆಗಳ ಮೇಲೆ ನೂರು ಸಲ ಕೇಳಿದ ಸಾಲು ಇದು. ಅವ್ವ ಮಧ್ಯದಲ್ಲೇ ತಡೆದಳು.

"ಪತಿಗಿತಿ ಏನಿಲ್ಲ ಕಣಪ್ಪಾ. ಬೆಳಗಿಂದ ಬಿಸ್ಲಾಗೆ ಕಾವಲು ನಿಂತು ಬಂದೋನು. ಹಸ್ದು ಗಂಗಾಳದ ಮುಂದೆ ಕುಂತೋನ್ನ ಎಬ್ಬಿಸಿದ್ರೆ ಅವತ್ತು ಮತ್ತೆ ಉಣ್ಣಾಕೆ ಆಗುತ್ತಾ? ಉಣ್ಣೋ ನಾಯಿನೂ ಎಬ್ಬಿಸಲ್ಲ ನಾವು."

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಓಬವ್ವನ ಬಗ್ಗೆ ಭಾಷಣ ಮಾಡಿದ್ದೀನಿ, ಲೇಖನ ಓದಿದ್ದೀನಿ. ಆ ಅಗುಳಿನ ಒಳಗಿರೋ ಹಸಿವು ಕಾಣೋಕೆ ದಿನಾ ಊಟ ಸಿಗುತ್ತೋ ಇಲ್ಲವೋ ಅಂತ ಬದುಕಿದವಳೇ ಬೇಕಾಯ್ತು. ಅನ್ನವನ್ನ ಪತಿಭಕ್ತಿ ಮಾಡಿದವರು ಯಾರೂ ಉಪವಾಸ ಮಲಗಿದವರಲ್ಲ.

ಒನಕೆ ವಿಷಯಕ್ಕೆ ಬಂದಾಗಂತೂ ಅವ್ವನೇ ಗೈಡು. ಮೈಮೇಲೆ ದೇವಿ ಬಂದಂಗೆ ಆಗಿ ಬಡಿದಳು ಅಂದಿದ್ದಕ್ಕೆ, "ದೇವಿ ಯಾಕ್ ಬೇಕು?" ಅಂತ ಕೈಲಿದ್ದ ಛತ್ರಿಯನ್ನೇ ಎತ್ತಿ ತೋರಿಸಿದಳು. ಗೌಡರ ಹಿತ್ತಲಲ್ಲಿ ನವಣೆ, ಸಾಮೆ ಕುಟ್ಟಿದ ಕೈ ಅದು. ಒನಕೆ ಇಳಿಸೋಕೆ ಬಲ ಬೇಡವಂತೆ, ತುದಿಯ ಕಬ್ಬಿಣದ ಬಳೆಯ ಭಾರಕ್ಕೆ ತಾನೇ ಬೀಳುತ್ತೆ. ಕಷ್ಟ ಇರೋದು ಎತ್ತೋದ್ರಲ್ಲಿ. ಒಂದು ಕೈ ಸೋತರೆ ಇನ್ನೊಂದಕ್ಕೆ ದಾಟಿಸಬೇಕು, ಉಸಿರು ತಪ್ಪಬಾರದು. "ಹಗಲೆಲ್ಲ ಕುಟ್ಟೋಳಿಗೆ ನಾಕು ತಲೆ ಯಾವ ಲೆಕ್ಕ? ಕಾಳಿಗಿಂತ ದೊಡ್ಡವು." ಸುತ್ತ ನಿಂತ ಪ್ರವಾಸಿಗರು ನಕ್ಕರು. ಒಬ್ಬರು ವಿಡಿಯೋನೂ ಮಾಡಿಕೊಂಡ್ರು. ಅವ್ವ ನಗಲಿಲ್ಲ. "ಕುಟ್ಟಿದ್ದು ಒಳಗೆ ಹೋಗ್ತಿತ್ತು, ನಾನು ಹೊರಗೇ" ಅಂತ ಛತ್ರಿ ಮಡಚಿದಳು.

ಮಗಳು ಇಷ್ಟೊತ್ತಿಗೆ ನಾಲ್ಕು ಸಲ ಕಿಂಡಿಯೊಳಗೆ ನುಸುಳಿ ಬಂದಿದ್ದಳು. ಕೋಟೆಗೆ ಹೋಗೋಣ ಅಂತ ಹಠ ಹಿಡಿದವಳೇ ಅವಳು, ಅದಕ್ಕೊಂದು ಕಾರಣ ಇದೆ. ಹೋದ ವರ್ಷ ಶಾಲೆಯಲ್ಲಿ ಓಬವ್ವನ ನಾಟಕ. ಇವಳು ಕೈ ಎತ್ತಿದಳು. ಮಿಸ್ಸು, "ಓಬವ್ವ ಅಂದ್ರೆ ಸ್ವಲ್ಪ ಲಕ್ಷಣವಾಗಿರೋರು ಬೇಕು ಪುಟ್ಟಾ" ಅಂತ ಬೆಳ್ಳಗಿನ ಹುಡುಗಿಗೆ ಪಾತ್ರ ಕೊಟ್ಟು, ಇವಳನ್ನ ಕಿಂಡಿಯಿಂದ ಬರೋ ಸೈನಿಕ ಮಾಡಿದರು. ಹಸಿರು ಬಟ್ಟೆ, ಅಂಟಿಸಿದ ಗಡ್ಡ. (ಹೈದರನ ದರ್ಬಾರಿನಲ್ಲಿ ಪೂರ್ಣಯ್ಯನವರೂ ಇದ್ದರು, ಆದರೆ ಶಾಲೆ ನಾಟಕದಲ್ಲಿ ಸೈನಿಕ ಅಂದ್ರೆ ಗಡ್ಡ ಇರಲೇಬೇಕು.) ಥರ್ಮಾಕೋಲ್ ಒನಕೆಯಲ್ಲಿ ಮೊದಲ ಏಟು ನಮ್ಮ ಮಗುವಿಗೇ ಬಿತ್ತು.

ಹೋಗಿ ಕೇಳಿದೆ. ಓಬವ್ವ ಛಲವಾದಿ ಅನ್ನೋದು ಆ ಮಿಸ್ಸಿಗೆ ಗೊತ್ತೇ ಇರಲಿಲ್ಲ. "ಹೌದಾ ಮೇಡಂ?" ಅಂದ್ರು. ಒಂದು ನಿಮಿಷ ಬಿಟ್ಟು, "ಮಕ್ಕಳ ಹತ್ರ ಜಾತಿ ಯಾಕೆ ಮೇಡಂ" ಅಂದ್ರು.

2021ರಿಂದ ಸರ್ಕಾರ ನವೆಂಬರ್ 11ಕ್ಕೆ ಓಬವ್ವ ಜಯಂತಿ ಮಾಡ್ತಿದೆ. ಆಗಲಿ, ನಮ್ಮ ಜನ ಕೇಳಿ ಪಡೆದದ್ದು. ದುರ್ಗದಲ್ಲಿ ಅವಳ ಪ್ರತಿಮೆ ಇದೆ, ಅವಳ ಹೆಸರಿನ ಕ್ರೀಡಾಂಗಣ ಇದೆ. ನಾಡಿಗೆಲ್ಲ ವೀರವನಿತೆ ಆಗಬೇಕಾದರೆ ಮಾತ್ರ ಕೇರಿಯನ್ನ ಬಿಟ್ಟು ಬರಬೇಕು. 2019ರ ಸೆಪ್ಟೆಂಬರಿನಲ್ಲಿ ಇದೇ ಚಿತ್ರದುರ್ಗ ಕ್ಷೇತ್ರದ ಸಂಸದರನ್ನ, ದಲಿತರು ಅನ್ನೋ ಕಾರಣಕ್ಕೆ ಪಾವಗಡ ತಾಲೂಕಿನ ಒಂದು ಗೊಲ್ಲರಹಟ್ಟಿಯೊಳಗೆ ಬಿಡದೆ ನಿಲ್ಲಿಸಿದ್ದು ನಿಮಗೆ ನೆನಪಿರಬಹುದು. ಏಳು ಸುತ್ತಿನ ಕೋಟೆಗೆ ಈಗ ಟಿಕೆಟ್ ತಗೊಂಡ್ರೆ ಯಾರು ಬೇಕಾದರೂ ಒಳಗೆ ಹೋಗಬಹುದು. ಹಟ್ಟಿಗೆ ಬೇಲಿ ಕೂಡ ಇರಲಿಲ್ಲ.

ಮಧ್ಯಾಹ್ನ ನೆರಳು ಹುಡುಕಿ ಬುತ್ತಿ ಬಿಚ್ಚಿದ್ವಿ. ರೊಟ್ಟಿ, ಶೇಂಗಾ ಚಟ್ನಿ, ಕಾಳುಪಲ್ಯ. ಎರಡು ರೊಟ್ಟಿ ಕೋತಿ ಪಾಲಾಯ್ತು. ಗೈಡ್ ಹುಡುಗನನ್ನೂ ಅವ್ವ ಕರೆದು ಕೂರಿಸಿ ಬಡಿಸಿದಳು. ಅವನು ತಿಂತಾ ತಿಂತಾ, "ಅಜ್ಜಿ, ಆ ಕೈ ದಾಟಿಸೋದು ಇನ್ನೊಂದು ಸಲ ಹೇಳಿ" ಅಂದ. ಮುಂದಿನ ಪಾರ್ಟಿಗೆ ಹೇಳ್ತಾನಂತೆ. ಛಲವಾದಿ ಅನ್ನೋದನ್ನೂ ಸೇರಿಸ್ತೀಯಾ ಅಂತ ಕೇಳಿದೆ. ನೋಡ್ತೀನಿ ಮೇಡಂ ಅಂದ.

ಬಸ್ಸಿನಲ್ಲಿ ಬರ್ತಾ ಮಗಳು, ಅಜ್ಜಿ ಸೇರಿ ತೀರ್ಮಾನ ಮಾಡಿದ್ದಾರೆ. ಈ ನವೆಂಬರ್ 11ಕ್ಕೆ ನಮ್ಮ ಕೇರಿಯ ಅಂಬೇಡ್ಕರ್ ಭವನದ ಮುಂದೆ ಮಕ್ಕಳದ್ದೇ ನಾಟಕ, ಒನಕೆ ಹಿಡಿಯೋದು ಹೇಳಿಕೊಡೋದು ಅವ್ವ. ಓಬವ್ವನ ಪಾತ್ರ ಯಾರದು ಅಂತ ಕೇಳಬೇಡಿ. ಒಂದೇ ತೊಂದರೆ: ಗಿರಣಿ ಬಂದ ಮೇಲೆ ಒನಕೆಗಳೆಲ್ಲ ಒಲೆ ಸೇರಿವೆ, ಕೇರಿಯಲ್ಲಿ ಹುಡುಕಿದರೂ ಒಂದೂ ಸಿಕ್ಕಿಲ್ಲ. ದಾವಣಗೆರೆ ಸುತ್ತಮುತ್ತ ಯಾರ ಮನೆ ಅಟ್ಟದ ಮೇಲಾದರೂ ಹಳೇ ಒನಕೆ ಇದ್ದರೆ ಇನ್‌ಬಾಕ್ಸ್‌ಗೆ ಬನ್ನಿ, ನಾವೇ ಬಂದು ಒಯ್ತೀವಿ, ಜೋಪಾನವಾಗಿ ವಾಪಸ್ ಕೊಡ್ತೀವಿ. ತುದಿಯ ಬಳೆ ಇರೋದೇ ಆಗಬೇಕಂತೆ, ಅವ್ವ ಹೇಳು ಅಂದಿದ್ದಾಳೆ.