ಗಿಡಮೂಲಿಕೆ ಅಲ್ವಾ, ಏನಾಗತ್ತೆ?

ಎರಡನೇ ಇಂಟರ್ನಲ್ಸ್ ಹೊತ್ತಿಗೆ ನಮ್ಮ ಹಾಸ್ಟೆಲ್ ರೂಮಿನ ಮೂವರಿಗೂ ವಿಪರೀತ ಸುಸ್ತು. ಸೀನಿಯರ್ ಒಬ್ಬರು ಹೇಳಿದ್ರು ಅಂತ ಅಶ್ವಗಂಧದ ಪುಡಿ ತರಿಸಿ, ದಿನಾ ರಾತ್ರಿ ಹಾಲಿಗೆ ಹಾಕಿ ಕುಡಿಯೋಕೆ ಶುರು ಮಾಡಿದ್ವಿ. ಗಿಡಮೂಲಿಕೆ ಅಲ್ವಾ, ಏನಾಗತ್ತೆ ಅನ್ನೋ ಧೈರ್ಯ.

ಕೆಲವು ವಾರ ಕಳೆದ ಮೇಲೆ ನಮ್ಮಲ್ಲೊಬ್ಬಳಿಗೆ ಎದೆ ಡವಡವ, ಕೈ ನಡುಕ. ಅವಳು ಥೈರಾಯ್ಡ್ ಮಾತ್ರೆ ತಗೊಳ್ಳೋಳು. "ಮಾತ್ರೆ ಬಿಟ್ಟು ಬೇರೇನು ತಗೋತೀಯಮ್ಮಾ?" ಅಂತ ಡಾಕ್ಟರು ಕೇಳಿದಾಗ ಮೂವರೂ ಮುಖ ಮುಖ ನೋಡ್ಕೊಂಡ್ವಿ. ಅಶ್ವಗಂಧ ಥೈರಾಯ್ಡ್ ಹಾರ್ಮೋನನ್ನು ಏರಿಸಬಹುದು, ಅಪರೂಪಕ್ಕೆ ಲಿವರ್‌ಗೂ ಪೆಟ್ಟು ಕೊಡಬಹುದು ಅಂತ ಅವತ್ತೇ ಗೊತ್ತಾಗಿದ್ದು.

ಪುಡಿ ನಿಲ್ಲಿಸಿದ ಮೇಲೆ ಅವಳು ಸುಧಾರಿಸಿಕೊಂಡಳು. ನಮ್ಮ ಸುಸ್ತಿಗೆ ಕಾರಣ 5 ಗಂಟೆಯ ನಿದ್ದೆ. ಈಗ 11:30ಕ್ಕೆ ಲೈಟ್ ಆಫ್. ನೀವೂ ಇಂಥದ್ದೇನಾದ್ರೂ ತಗೊಳ್ತಿದ್ರೆ, ಮಾತ್ರೆ ಜೊತೆ ಪುಡಿಯ ಹೆಸರನ್ನೂ ಡಾಕ್ಟರಿಗೆ ಹೇಳಿ.